ನುಂಗುವುದು, ನುಡಿಯುವುದು

ನುಂಗುವುದನ್ನು ಯಾರಾದರೂ ಕಲಿಯಬೇಕೇ ಎಂದು ವಾಚಕ ಮಹಾಶಯರು ಕೇಳಬಹುದು. ಮುದ್ದೆಯನ್ನು ಅಗಿಯದೆ ನುಂಗುವ ಗೌರಿಬಿದನೂರು ಸೀಮೆಯವರಾದ ನಮಗಂತೂ ಅದು ಹುಟ್ಟುಗುಣವೆಂದೇ ಭಾವನೆ. ಆದರೆ ವಿದುರಾಶ್ವತ್ಥದ ನಮ್ಮ ಸೋದರಮಾವನವರು ಅರವತ್ತು ದಾಟಿದ ಮೇಲೆ ಅದನ್ನು ಮೊದಲಿನಿಂದ ಕಲಿಯಬೇಕಾಯಿತು. ಹೊಗೆಸೊಪ್ಪಿನ ಅಭ್ಯಾಸವಿದ್ದ ಅವರ ನಾಲಗೆಗೆ ಕ್ಯಾನ್ಸರ್ ತಗುಲಿ, ಶಸ್ತ್ರಚಿಕಿತ್ಸೆಯಲ್ಲಿ ಅದರ ಒಂದು ಭಾಗವನ್ನು ತೆಗೆದಿದ್ದರು. ಅನಂತರದ ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿ ದವಡೆ ಬಿಗಿದಿತ್ತು.

ಎಲ್ಲಕ್ಕಿಂತ ಕಠಿಣವಾದುದು ಯಾವುದೆಂದು ಬಲ್ಲಿರಾ? ಬರಿಯ ನೀರು! ತೆಳುವಾದ ದ್ರವವು ನಾಲಗೆಯ ಹಿಡಿತಕ್ಕೆ ಸಿಗದೆ ಶ್ವಾಸನಾಳಕ್ಕೆ ಜಾರುತ್ತದೆ. ಅದರಿಂದ ನ್ಯುಮೋನಿಯ ಬರುವುದುಂಟು. ಮಂದವಾದ ರಾಗಿ ಅಂಬಲಿಯಾದರೋ ನಿಧಾನವಾಗಿ ಇಳಿಯುತ್ತಿತ್ತು. ಮನೆಯವರು ಕನಿಕರದಿಂದ ನೀರು ಬೆರೆಸಿ ತೆಳುಮಾಡಿದರೆ ಅದೇ ಅಪಾಯ. ಗಲ್ಲವನ್ನು ತಗ್ಗಿಸಬೇಕೋ, ತಲೆಯನ್ನು ಯಾವ ಪಕ್ಕಕ್ಕೆ ವಾಲಿಸಬೇಕೋ ಎಂಬುದು ಒಬ್ಬೊಬ್ಬ ರೋಗಿಗೆ ಒಂದೊಂದು ಬಗೆ. ಪರೀಕ್ಷಿಸಿದ ತಜ್ಞರೇ ಹೇಳಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ತಜ್ಞರನ್ನು ತರಬೇತುಗೊಳಿಸುತ್ತ ಬಂದಿದೆ.

ಮಾತಿನ ವಿಷಯದಲ್ಲಿ ತುಟಿಯಿಂದ ಹುಟ್ಟುವ ಪ, ಬ, ಮ ಬೇಗನೆ ಮರಳಿದವು. ನಾಲಗೆಯ ತುದಿಯನ್ನು ಬೇಡುವ ದ, ರ, ತ್ಥ ಬರಲೊಲ್ಲವು. ಅವರ ಊರಿನ ಹೆಸರಿನ ತುಂಬ ಅವೇ! ಬಸ್ಸಿನಲ್ಲಿ ನಿರ್ವಾಹಕನಿಗೆ ಚೀಟಿ ತೋರಿಸುವುದು ಅವರಿಗೆ ರೋಗಕ್ಕಿಂತ ಹೆಚ್ಚಿನ ಅವಮಾನವಾಗಿತ್ತು. ಕನ್ನಡಿಯ ಮುಂದೆ ಕುಳಿತು ಒಂದೊಂದೇ ಅಕ್ಷರವನ್ನು ಬಿಡಿಸಿ ನುಡಿಯುವರು. ಅವರ ಮಾತನ್ನು ನಾವು ಮುಗಿಸಿಕೊಡಹೋದರೆ ಕೈಯೆತ್ತಿ ತಡೆಯುವರು, ಅದು ಸರಿಯಾದುದೇ.

ಏಳನೆಯ ತಿಂಗಳಲ್ಲಿ ನಿರ್ವಾಹಕನು ಎರಡನೆಯ ಸಲ ಕೇಳದೆ ಟಿಕೇಟು ಕೊಟ್ಟನು. 'ತ್ಥ' ಮಾತ್ರ ಇನ್ನೂ ಸರಿಯಾಗಿಲ್ಲ.