ನಿದ್ದೆಯಲ್ಲಿದ್ದವನಿಗೆ ಕೊಟ್ಟ ಮಾತು

ಕಟಕೋಳದಲ್ಲಿ ಅಪ್ಪ ಹತ್ತೊಂಬತ್ತು ವರ್ಷ ಪಾಲಿಗೆ ಮಾಡಿದ ಎರಿ ಹೊಲವನ್ನು ಅದರ ಮಾಲಕರು ಹೋದ ದೀಪಾವಳಿಗೆ ಬೇರೆಯವರಿಗೆ ಮಾರಿದರು. ಎಂದಾದರೂ ಮಾರಿದರೆ ನಿನಗೇ ಎಂದು ಅವರೇ ಹೇಳಿದ್ದರು. ಕಾಗದವೇನೂ ಇರಲಿಲ್ಲ. "ಮಾತ ಕೊಟ್ಟಾರ, ಬಾಂಡ್ ಯಾಕ ಬೇಕ ಯವ್ವಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ ಅಪ್ಪ ಈಗ ಆ ಹೊಲದ ದಾರಿ ತುಳಿಯುವುದನ್ನೇ ಬಿಟ್ಟಿದ್ದಾನೆ.

ಆ ವಾರ ನಾನು ಧಾರವಾಡದಲ್ಲಿ ಕೂತು ಆದಿಕಾಂಡದ 15ನೆಯ ಅಧ್ಯಾಯ ಓದುತ್ತಿದ್ದೆ. ನನ್ನ ಪಿಎಚ್.ಡಿ. ವಿಷಯ ಕನ್ನಡ ಬೈಬಲ್ ಅನುವಾದಗಳು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್‌ನಿಂದ ನನ್ನ ಮೊದಲ ಅಧ್ಯಾಯ ಶುರು. ಹೀಬ್ರೂವಿನ 'ಬೆರೀತ್' ಕನ್ನಡದಲ್ಲಿ 'ಒಡಂಬಡಿಕೆ' ಆಗಿದೆ. ಒಡಂಬಡಿಕೆ ಎಂದರೆ ನಮ್ಮ ಕಿವಿಗೆ ಇಬ್ಬರೂ ಒಪ್ಪಿ ಸಹಿ ಹಾಕಿದ್ದು. ಹೀಬ್ರೂವಿನಲ್ಲಿ ಬೆರೀತನ್ನು 'ಕಡಿಯುತ್ತಾರೆ'. (ನಮ್ಮ ಕಡೆ ಸಂಬಂಧ ಮುರಿದಾಗ ಕಡಿಯುವುದು, ಕೂಡಿಸುವಾಗಲ್ಲ.) ಪ್ರಾಣಿಯನ್ನು ಸೀಳಿ ಆ ಹೋಳುಗಳ ನಡುವೆ ನಡೆದುಹೋಗುವುದು, ಮಾತು ತಪ್ಪಿದರೆ ನನಗೂ ಇದೇ ಗತಿ ಎಂದು. ಯೆರೆಮೀಯನ 34ನೆಯ ಅಧ್ಯಾಯದಲ್ಲಿ ಹಾಗೆ ಕರುವಿನ ಹೋಳುಗಳ ನಡುವೆ ನಡೆದವರು ಗುಲಾಮರನ್ನು ಬಿಡುತ್ತಾರೆ, ಆಮೇಲೆ ಮತ್ತೆ ಹಿಡಿದು ತರುತ್ತಾರೆ. ಇದನ್ನು ಓದಿದಾಗ ನನಗೆ ಯಾರ ಮುಖ ಕಂಡಿತೆಂದು ಹೇಳಬೇಕಿಲ್ಲ.

ಆದಿಕಾಂಡದಲ್ಲಿ ಅಬ್ರಾಮ ಕಡಸು, ಆಡು, ಟಗರುಗಳನ್ನು ಸೀಳಿ ಎದುರುಬದುರು ಇಟ್ಟು, ಹದ್ದುಗಳನ್ನು ಓಡಿಸುತ್ತ ಕೂರುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ. ಕತ್ತಲಲ್ಲಿ ಆ ಹೋಳುಗಳ ನಡುವೆ ಹಾದುಹೋಗುವುದು ಹೊಗೆಯಾಡುವ ಒಲೆ, ಉರಿಯುವ ಪಂಜು, ಅಷ್ಟೇ. ಅಬ್ರಾಮ ನಡೆಯುವುದೇ ಇಲ್ಲ. ಆಣೆಯ ಭಾರವೆಲ್ಲ ಕೊಡುವವನ ಮೇಲೆ.

ಗೋವಿನ ಹಾಡು ನೆನಪಾಯಿತು. ಅಲ್ಲಿ ಮಾತು ಕೊಟ್ಟವಳು ಪುಣ್ಯಕೋಟಿ. ಹುಲಿ ಏನನ್ನೂ ಕೊಟ್ಟಿರಲಿಲ್ಲ. ಕೈಲಾಗದವರು ಮಾತು ಉಳಿಸಿಕೊಳ್ಳುವುದನ್ನು ನೋಡಿ ಕಣ್ಣೀರು ಹಾಕುತ್ತ ಬೆಳೆದವರು ನಾವು. ಇಲ್ಲಿ ಆಣೆ ಮಾಡುತ್ತಿರುವುದು ಹುಲಿ.

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ, ಸಮಾಧಾನವಾಗಲಿ ಎಂದೇ. ಅಪ್ಪ ಎಲೆಯಡಿಕೆಯ ಚಂಚಿ ಬಿಚ್ಚುತ್ತ ಕೇಳಿದ:

"ಏನ ಕೊಡತೀನಿ ಅಂದಾನ ದೇವರು?"

"ಭೂಮಿ."

"ಆ ಭೂಮ್ಯಾಗ ಆಗ ಯಾರೂ ಇದ್ದಿದ್ದಿಲ್ಲೇನ?"

ಆ ಅಧ್ಯಾಯ ಮುಗಿಯುವುದೇ ಅಲ್ಲಿದ್ದ ಹತ್ತು ಜನಾಂಗಗಳ ಹೆಸರಿನಿಂದ. ಆ ಸಾಲನ್ನು ಎಷ್ಟೋ ಸಲ ಓದಿದ್ದೆ, ಅಕ್ಷರಗಳನ್ನು ಹೋಲಿಸಿ ನೋಡಲು. ಅಮೋರಿಯರು, ಕಾನಾನ್ಯರು, ಯೆಬೂಸಿಯರು... ನೆನಪಿದ್ದಷ್ಟನ್ನು ಹೇಳಿದೆ. ಅಪ್ಪ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಗುರುತಿನವರ ಹೆಸರು ಕೇಳುವಂತೆ ಕೇಳಿಸಿಕೊಂಡ.