ದೇವರಿಗೆ ತಮಿಳು ಬರಲ್ವಾ?



ಚಾಮರಾಜನಗರದ ಕಡೆಯಿಂದ ತಿರುಪ್ಪೂರಿಗೆ ಬಂದ ಕುಟುಂಬ ನಮ್ಮದು. ಅಪ್ಪ, ಅವ್ವ ಇಬ್ಬರಿಗೂ ಬನಿಯನ್ ಕಂಪನಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದ ಮೇಲೆ ರಾತ್ರಿಯ ಜಪಸರ ಮಾತ್ರ ಕನ್ನಡದಲ್ಲೇ. ಕಳೆದ ತಪಸ್ಸುಕಾಲದಲ್ಲಿ ಒಂದು ರಾತ್ರಿ ತಮ್ಮ ಜಪಸರ ಕೆಳಗಿಟ್ಟು, "ನಂಗೆ ಅರ್ಧ ಮಾತು ತಿಳಿಯಲ್ಲ. ದೇವರಿಗೆ ತಮಿಳು ಬರಲ್ವಾ?" ಎಂದ. ಅವ್ವ ಏನೂ ಹೇಳಲಿಲ್ಲ. ಆದರೆ ಅಂದು ಊಟ ಮಾಡಲಿಲ್ಲ.

ಉತ್ತರ ಹುಡುಕುತ್ತಾ ನಾನು ಬೈಬಲ್ ತೆರೆದೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ಸೆರೆಹೋದ ಹಿಬ್ರಿಯರಿಗೆ ಅರಸನಿಲ್ಲ, ಬಲಿಪೀಠವಿಲ್ಲ, ಸ್ವಂತ ನೆಲವಿಲ್ಲ. ಸಬ್ಬತ್ ದಿನ, ಸುನ್ನತಿ, ಪೂರ್ವಿಕರ ಕಥೆ, ಪ್ರಾರ್ಥನೆ ಇವನ್ನು ಮಾತ್ರ ಹೊತ್ತೊಯ್ಯಬಹುದಿತ್ತು. ಹಳೆಯ ಇಸ್ರಯೇಲರ ಧರ್ಮ ಯೆಹೂದ್ಯ ಧರ್ಮವಾಗಿ ರೂಪುಗೊಂಡದ್ದು ಬಹುಮಟ್ಟಿಗೆ ಈ ಸೆರೆವಾಸದಲ್ಲಿ ಮತ್ತು ಅದರ ನಂತರ ಎನ್ನುತ್ತಾರೆ ವಿದ್ವಾಂಸರು. ಕ್ರಿ.ಪೂ. 538ರ ಹೊತ್ತಿಗೆ ಪರ್ಷಿಯದ ಅರಸ ಸೈರಸ್ ಅವರಿಗೆ ಊರಿಗೆ ಮರಳಲು ಅಪ್ಪಣೆ ಕೊಟ್ಟ.

ಮರಳಿದವರ ಮನೆಗಳಲ್ಲೂ ನಮ್ಮದೇ ಜಗಳ! ನೆಹೆಮೀಯನ ಗ್ರಂಥದ 13ನೇ ಅಧ್ಯಾಯ ಓದಿ: ಕೆಲವು ಮನೆಗಳಲ್ಲಿ ತಾಯಂದಿರು ಬೇರೆ ನಾಡಿನವರು, ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅಷ್ಡೋದಿನ ಭಾಷೆ ಬರುತ್ತಿತ್ತು, ಯೆಹೂದ್ಯರ ಭಾಷೆ ಬರುತ್ತಿರಲಿಲ್ಲ. ನೆಹೆಮೀಯ ಅಪ್ಪಂದಿರನ್ನು ಬೈದ, ಕೆಲವರನ್ನು ಹೊಡೆದು ಕೂದಲು ಕಿತ್ತ. ಆದರೆ ಅದೇ ಗ್ರಂಥದ 8ನೇ ಅಧ್ಯಾಯದಲ್ಲಿ ಎಜ್ರ ಧರ್ಮಶಾಸ್ತ್ರ ಓದಿದಾಗ ಲೇವಿಯರು ಜನರಿಗೆ ಅರ್ಥ ಬಿಡಿಸಿ ಹೇಳಿದರು. ಕೇಳಿದ ಜನ ಅತ್ತರು. ಮುಂದೆ ಅವರ ನಡುವೆ ಅರಮಾಯಿಕ್ ಆಡುಮಾತಾಯಿತು. ನಮ್ಮ ಪ್ರಭು ಯೇಸು ಆಡಿದ್ದೂ ಅದನ್ನೇ.

ಇದನ್ನು ಮನೆಯಲ್ಲಿ ಹೇಳಿದೆ. ಜೊತೆಗೆ ಇನ್ನೊಂದು ಮಾತು: ಸೊಲೊಮೋನನ ಹಡಗುಗಳು ತಂದ ನವಿಲುಗಳಿಗೆ ಹಿಬ್ರೂ ಬೈಬಲ್ 'ತುಕ್ಕಿಯ್ಯೀಮ್' ಎನ್ನುತ್ತದೆ, ಅದು ತಮಿಳಿನ 'ತೋಗೈ'ಗೆ ನಂಟಿರುವ ಪದವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕಾಂಗೇಯಂ ಕಡೆಯ ಹೊಲಗಳಲ್ಲಿ ನಾವು ದಿನಾ ನೋಡುವ ನವಿಲು! ತಮ್ಮನ ಮುಖ ಅರಳಿತು. ಅವ್ವ ಮೆಲ್ಲಗೆ, "ಅದು ನಮ್ಮ ಸೋಗೆ ಕಣ್ಲಾ" ಎಂದಳು. ಅಂದು ಇಬ್ಬರೂ ನಕ್ಕರು.

ಈಗ ಐದು ರಹಸ್ಯಗಳಲ್ಲಿ ನಾಲ್ಕು ಕನ್ನಡದಲ್ಲಿ. ಕೊನೆಯದನ್ನು ತಮ್ಮ ತಮಿಳಿನಲ್ಲಿ ನಡೆಸುತ್ತಾನೆ. ತಿಳಿಯದ ಕನ್ನಡ ಮಾತಿಗೆ ಅವನು ಅರ್ಥ ಕೇಳುತ್ತಾನೆ, ಅವ್ವ ಬಿಡಿಸಿ ಹೇಳುತ್ತಾಳೆ.

ನಿಮ್ಮ ಮನೆಯಲ್ಲಿ ಪ್ರಾರ್ಥನೆ ಯಾವ ಭಾಷೆಯಲ್ಲಿ? ಅರ್ಥವಾಗದ ಮಾತಿದ್ದರೆ ಇವತ್ತೇ ಅವ್ವನನ್ನು ಕೇಳಿ.