ಮಹಾವೀರಾಚಾರ್ಯನ ಅಂಕಮಾಲೆ

ಒಂದೇ ಒಂದು ಸಂಖ್ಯೆಯನ್ನು ಕುರಿತು ಲೇಖನವೇ ಎಂದು ಓದುಗರು ಹುಬ್ಬೇರಿಸಬಹುದು. ಆದರೆ ೧೨೩೪೫೬೫೪೩೨೧ ಎಂಬ ಈ ಸಂಖ್ಯೆಯೊಡನೆ ನನ್ನ ಸಖ್ಯ ಬಹುಕಾಲದ್ದು. ನಮ್ಮ ಎಣಿಕೆಯಲ್ಲಿ ಅದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಇಷ್ಟುದ್ದ ಹೇಳುವ ಗೊಡವೆಯೇ ಬೇಡವೆಂಬಂತೆ ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ, ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವುದೆಂದು ಅದನ್ನು ಬಣ್ಣಿಸಿ ಮುಗಿಸಿದನು. ಗ್ರಂಥಾರಂಭದಲ್ಲಿ ಆತನು ಕೊಂಡಾಡಿರುವ ದೊರೆ ನಮ್ಮ ಅಮೋಘವರ್ಷ ನೃಪತುಂಗನೇ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅಚ್ಚು ಹಾಕಿಸಿದ ಆ ಸಂಸ್ಕೃತ ಗ್ರಂಥವು, ೨೦೦೦ದಲ್ಲಿ ಹೊಂಬುಜದ ಜೈನ ಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊರಬಂದಿತು.

ಆಚಾರ್ಯನು ಕೊಟ್ಟ ಗುಣಾಕಾರ ೨೭೯೯೪೬೮೧ × ೪೪೧. ಮೇಲುನೋಟಕ್ಕೆ ಇಲ್ಲಿ ಯಾವ ಚೆಲುವೂ ಇಲ್ಲ. ಬಿಡಿಸಿ ನೋಡಿದರೆ ಮೊದಲನೆಯದು ೫೨೯೧ರ ವರ್ಗ, ಎರಡನೆಯದು ೨೧ರ ವರ್ಗ. ೫೨೯೧ × ೨೧ ಎಂದರೆ ೧೧೧೧೧೧. ಆರು ಒಂದುಗಳ ವರ್ಗವೇ ನಮ್ಮ ಅಂಕಮಾಲೆ! ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಮಾಲೆಯಲ್ಲಿ ಇವು ಐದೂ ಎರಡೆರಡು ಸಲ ಬರುವುದರಿಂದ ಅದಕ್ಕೆ ಒಟ್ಟು ೨೪೩ ಭಾಜಕಗಳು. ಅಂಕೆಗಳ ಮೊತ್ತ ೩೬, ಅದೂ ಆರರ ವರ್ಗ.

ಸರ್ವಜ್ಞನನ್ನು ತನ್ನವನೆಂದು ಹೇಳಿಕೊಳ್ಳುವ ಈ ಮಾಸೂರಿನಲ್ಲಿ ಪಾಠ ಹೇಳುತ್ತ, ಒಂದು ವರ್ಷ ಈ ಲೆಕ್ಕವನ್ನು ಹತ್ತನೆಯ ತರಗತಿಯ ಮುಂದಿಟ್ಟೆನು. ಎರಡು ಒಂದುಗಳ ವರ್ಗ ೧೨೧, ಮೂರರದು ೧೨೩೨೧. ಹೀಗೆ ಒಂಬತ್ತು ಒಂದುಗಳವರೆಗೂ ಮಾಲೆ ಕೆಡದು. ಹತ್ತಕ್ಕೂ ಹೀಗೆಯೇ ಎಂದು ತರಗತಿಯೆಲ್ಲ ಒಕ್ಕೊರಲಿನಿಂದ ತೀರ್ಪಿತ್ತಿತು. 'ಮುಂದಿನ ಸಾಲು ಬರೆಯಿರಿ' ಎಂಬ ಪ್ರಶ್ನೆಗಳು ಮಕ್ಕಳಿಗೆ ಕಲಿಸಿರುವುದು ಇದನ್ನೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಸರ್ರ, ಹತ್ತು ಒಂದ ಮನ್ಯಾಗ ಹೆಂಗ ಕೂಡತೈತ್ರಿ?" ಎಂದಳು.

ಕೂಡುವುದಿಲ್ಲ. ಒಂದುಗಳನ್ನು ಸಾಲುಸಾಲಾಗಿ ಸರಿಸಿ ಬರೆದು ಕೂಡಿದಾಗ ನಡುವಿನ ಮನೆಯಲ್ಲಿ ಹತ್ತು ಬರುತ್ತದೆ; ಸೊನ್ನೆ ಬರೆದು ಕೈಯಲ್ಲಿ ಉಳಿದ ಒಂದನ್ನು ಎಡಕ್ಕೆ ಕೊಡಬೇಕು. ಅಲ್ಲಿದ್ದ ಒಂಬತ್ತು ಹತ್ತಾಗಿ ಮತ್ತೊಂದು ಸೊನ್ನೆ; ಅದರಾಚೆಯ ಎಂಟು ಒಂಬತ್ತಾಗುತ್ತದೆ. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಮಾಲೆ ಹರಿಯಿತು. ಒಂಬತ್ತು ಸಲ ನಿಜವಾದುದು ಹತ್ತನೆಯ ಸಲ ಸುಳ್ಳಾಯಿತು. ಕಾರಣವನ್ನು ಕೇಳಿದವಳು ಅವಳೊಬ್ಬಳೇ.

ಮರುದಿನ ಅವಳು ಯಾರೂ ಹೇಳದೆಯೇ ಹನ್ನೊಂದು ಒಂದುಗಳ ವರ್ಗವನ್ನು ಮಾಡಿ ತಂದಿದ್ದಳು: ೧೨೩೪೫೬೭೯೦೧೨೦೯೮೭೬೫೪೩೨೧. ನಾನು ಎರಡು ಸಲ ತಾಳೆ ನೋಡಿದೆನು; ಒಂದು ಅಂಕೆಯೂ ತಪ್ಪಿರಲಿಲ್ಲ. ಪರೀಕ್ಷೆ ಮುಗಿದೊಡನೆ ಅವಳ ಓದನ್ನು ನಿಲ್ಲಿಸುವ ಮಾತು ಮನೆಯಲ್ಲಿ ನಡೆದಿತ್ತೆಂಬುದನ್ನು ನಾನು ಬಲ್ಲೆ. ಸಂತೆಯ ದಿನ ಅವಳ ತಂದೆಯವರು ಸಿಕ್ಕಾಗ ಆ ಹಾಳೆಯನ್ನು ಅವರ ಕೈಗಿತ್ತೆನು. ಅವರು ಅಂಕೆಗಳ ಮೇಲೆ ಬೆರಳಿಟ್ಟು ಕೊನೆಯವರೆಗೂ ನೋಡಿ, ಹಾಳೆಯನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಕಾಲೇಜಿನಲ್ಲಿ ವಿಜ್ಞಾನಕ್ಕೆ ಫೀ ಎಷ್ಟಾಗುವುದೆಂದು ಕೇಳಿದರು.